ರಿವರ್ಸಕ್ಕನ ಎಡಗೈ

ರಟ್ಟಿನ ಡಬ್ಬ ಮಾಡುವ ಆ ಕಾರ್ಖಾನೆಯಲ್ಲಿ ಅವಳ ಹೆಸರು ಹಾಜರಿ ಕೂಗುವವನೊಬ್ಬನಿಗೇ ಗೊತ್ತಿತ್ತು. ಲಾರಿಗೆ ಡಬ್ಬ ತುಂಬುವವರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಉಳಿದವರಿಗೆಲ್ಲ ಅವಳು ರಿವರ್ಸಕ್ಕ. ಹಾಗೆ ಕರೆದರೆ ಅವಳಿಗೆ ಬೇಸರವಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳ ಎಡಗೈಯನ್ನು ನೋಡಿ ಜನ ಇಟ್ಟ ಹೆಸರುಗಳಲ್ಲಿ ಪ್ರೀತಿಯಿಂದ ಕರೆದದ್ದು ಇದೊಂದೇ.

ಅವಳದು ಪಂಚಿಂಗ್ ಮೆಷಿನ್ ಕೆಲಸ. ಪಂಚಿಂಗ್ ಮೆಷಿನ್ ಎಂದರೆ ಎರಡು ಕಬ್ಬಿಣದ ಹಲಗೆಗಳ ಬಾಯಿ. ಅದು ತೆರೆದಾಗ ರಟ್ಟಿನ ಹಾಳೆ ಇಡಬೇಕು. ಮುಚ್ಚಿದಾಗ ಒಳಗಿನ ಅಲಗುಗಳು ಹಾಳೆಯನ್ನು ಡಬ್ಬದ ಆಕಾರಕ್ಕೆ ಕತ್ತರಿಸುತ್ತವೆ. ಮತ್ತೆ ತೆರೆದಾಗ ಕತ್ತರಿಸಿದ್ದನ್ನು ಒಂದು ಕೈಯಲ್ಲಿ ತೆಗೆದು, ಇನ್ನೊಂದು ಕೈಯಲ್ಲಿ ಹೊಸ ಹಾಳೆ ಇಡಬೇಕು. ಆ ಬಾಯಿ ಯಾರಿಗೂ ಕಾಯುವುದಿಲ್ಲ, ಮುಲಾಜು ಅದಕ್ಕೆ ಗೊತ್ತಿಲ್ಲ. ಎಲ್ಲರೂ ಬಲಗೈಯಲ್ಲಿ ಇಟ್ಟು ಎಡಗೈಯಲ್ಲಿ ತೆಗೆಯುತ್ತಾರೆ. ಅದಕ್ಕೇ ಹೊಸ ಹಾಳೆಯ ಮೇಜು ಬಲಕ್ಕೆ, ಕತ್ತರಿಸಿದ್ದರ ಮೇಜು ಎಡಕ್ಕೆ. ಅವಳ ಮೆಷಿನ್‌ನಲ್ಲಿ ಮಾತ್ರ ಎರಡೂ ಅದಲು ಬದಲು. ಎಡಗೈಯಲ್ಲಿ ಇಡುವುದು, ಬಲಗೈಯಲ್ಲಿ ತೆಗೆಯುವುದು. ಹಾಳೆ ಇಡುವುದೇ ನಾಜೂಕಿನ ಕೆಲಸ. ಅಂಚು ಮೂರು ಗೂಟಗಳಿಗೆ ಸರಿಯಾಗಿ ತಾಗಿ ಕೂರಬೇಕು, ಕೂದಲೆಳೆಯಷ್ಟು ವಾರೆಯಾದರೂ ಡಬ್ಬ ರದ್ದಿಗೆ ಹೋಗುತ್ತದೆ. ತೆಗೆಯುವುದನ್ನು ಯಾವ ಪೆದ್ದು ಕೈಯಾದರೂ ಮಾಡುತ್ತದೆ.

ಮೇಜುಗಳನ್ನು ಅದಲು ಬದಲು ಮಾಡಿಕೊಟ್ಟವನು ಹಳೆಯ ಮೇಸ್ತ್ರಿ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ತಡವರಿಸುವುದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಎರಡೂ ಮೇಜುಗಳನ್ನು ತಾನೇ ಎಳೆದು ಅತ್ತಿತ್ತ ಇಟ್ಟ.

“ಮೆಷಿನ್‌ಗೆ ಎಡ ಬಲ ಅಂತ ಏನಿಲ್ಲಮ್ಮ. ನಿಂಗೆ ಹೇಗೆ ಬರುತ್ತೋ ಹಾಗೆ ಮಾಡು” ಎಂದ.

ಅಷ್ಟೇ. ಅವಳ ಬದುಕಿನಲ್ಲಿ ಇಷ್ಟು ಸುಲಭದ ಉಪಕಾರವನ್ನು ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಆ ಪುಣ್ಯಾತ್ಮ ಈಗಿಲ್ಲ, ಕಣ್ಣು ಮುಚ್ಚಿ ಕೆಲವು ವರ್ಷಗಳಾದವು. ಇದ್ದಿದ್ದರೆ ಈ ಕಥೆಯ ಅರ್ಧ ನಡೆಯುತ್ತಲೇ ಇರಲಿಲ್ಲ.

ಈ ಲೋಕವನ್ನು ಬಲಗೈಯವರು ತಮಗೆ ಬೇಕಾದ ಹಾಗೆ ಕಟ್ಟಿಕೊಂಡು, ಆಮೇಲೆ ಇದೇ ಸರಿಯಾದ ಕ್ರಮ ಅಂತ ಬೇರೆಯವರಿಗೆ ಪಾಠ ಹೇಳುತ್ತಾರೆ. ಎಡಗೈಯಲ್ಲಿ ಕತ್ತರಿ ಹಿಡಿದವರ ಹೆಬ್ಬೆರಳಿನ ಬುಡ ನೋಡಿ, ಗಂಟು ಕಟ್ಟಿರುತ್ತದೆ. ಹಾಲು ಬಗ್ಗಿಸುವ ಪಾತ್ರೆಯ ಮೂತಿ ತಪ್ಪು ಮಗ್ಗುಲಿನಲ್ಲಿರುತ್ತದೆ. ಕುರ್ಚಿಗೆ ಬರೆಯುವ ಹಲಗೆ ಹೊಡೆಸುವಾಗ ಎಡಚರೆಂಬ ಜಾತಿಯೇ ಭೂಮಿಯ ಮೇಲಿಲ್ಲ ಎಂಬಂತೆ ಬಲಕ್ಕೇ ಹೊಡೆಸುತ್ತಾರೆ. ಹೋಗಲಿ, ಮಾತನ್ನಾದರೂ ಬಿಟ್ಟರೇ? ನಂಬಿಕಸ್ತನಾದರೆ ಬಲಗೈ ಬಂಟ, ಕೆಲಸ ಕೆಟ್ಟರೆ ಎಡವಟ್ಟು. ಹೀಗೆಲ್ಲ ಮಾಡಿಟ್ಟು, ಎಡಚರು ಏನನ್ನಾದರೂ ಬೀಳಿಸಿದರೆ ‘ಅವರ ಕೈಯೇ ಸರಿಯಿಲ್ಲ’ ಅನ್ನುತ್ತಾರೆ. ನಾಚಿಕೆಗೇಡು.

ಅವಳ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಕಾಲಬುಡದಲ್ಲಿ ಚಿಂದಿಯ ಬುಟ್ಟಿ, ಬುಟ್ಟಿಯ ಪಕ್ಕ ಆಡುತ್ತಾ ಕೂತ ಮಗಳು. ಮಗಳು ಚಿಂದಿ ಎತ್ತಿಕೊಂಡರೆ ಎಡಗೈ, ಸೀಮೆಸುಣ್ಣ ಹಿಡಿದರೆ ಎಡಗೈ, ಕೊಟ್ಟಿದ್ದನ್ನು ಬಾಯಿಗೆ ಹಾಕಿಕೊಂಡರೆ ಎಡಗೈ. ಅಪ್ಪನ ತಾಯಿ ಇದನ್ನು ಮೊದಲು ಕಂಡುಹಿಡಿದಳು. ಕಂಡುಹಿಡಿದ ಮೇಲೆ ದಿನಕ್ಕೊಂದು ಸಲವಾದರೂ ಹೇಳದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

“ಹೆತ್ತಿದ್ದೇ ಒಂದು. ಅದನ್ನೂ ಎಡಚಿ ಹೆತ್ತಿದೀಯ” ಎನ್ನುತ್ತಿದ್ದಳು ಸೊಸೆಗೆ, ಬಂದವರ ಎದುರಿಗೇ.

ಅಮ್ಮ ಅತ್ತೆಗೆ ಎದುರು ಮಾತಾಡಲಿಲ್ಲ. ಮಗಳಿಗೆ ಹೊಡೆಯಲೂ ಇಲ್ಲ. ಹೊಡೆದಿದ್ದರೆ ವಾಸಿಯಿತ್ತು, ಹೊಡೆತದ ಉರಿ ಸಂಜೆಗೆ ಆರುತ್ತದೆ. ಅವಳು ಮಗಳಿಗೆ ತುಂಬು ತೋಳಿನ ಅಂಗಿಗಳನ್ನು ಹೊಲಿದಳು. ಬಲತೋಳು ಎಲ್ಲರ ಅಂಗಿಯ ಹಾಗೆ. ಎಡತೋಳು ಮಾತ್ರ ಕೈಗಿಂತ ಒಂದು ಗೇಣು ಉದ್ದ, ಅದರ ತುದಿಯನ್ನು ಚೀಲದ ಬಾಯಿಯಂತೆ ಹೊಲಿದು ಮುಚ್ಚಿಬಿಟ್ಟಳು. ಬೆಳಿಗ್ಗೆ ಎದ್ದು ಅಂಗಿ ತೊಟ್ಟರೆ ಕೈ ಒಳಗೆ ಸೇರಿತು, ರಾತ್ರಿಯವರೆಗೆ ಹೊರಗೆ ಬರುವ ಹಾಗಿಲ್ಲ. ಓರಗೆಯ ಮಕ್ಕಳು ತೂಗಾಡುವ ಆ ತೋಳನ್ನು ಹಿಡಿದು ಎಳೆದಾಡುತ್ತಿದ್ದರು. ಶಾಲೆಗೆ ಸೇರುವ ಹೊತ್ತಿಗೆ ಅವಳು ಬಲಗೈಯಲ್ಲಿ ಬರೆಯುತ್ತಿದ್ದಳು. ಬರೆಯುತ್ತಿದ್ದಳು ಎನ್ನುವುದಕ್ಕಿಂತ, ಒಂದೊಂದು ಅಕ್ಷರವನ್ನೂ ಬಾವಿಯಿಂದ ಸೇದುತ್ತಿದ್ದಳು. ಉಳಿದವರು ಪುಟ ಮುಗಿಸಿದಾಗ ಇವಳದು ಎರಡನೇ ಸಾಲು. ಮೇಷ್ಟರು ದಡ್ಡಿ ಎಂದರು. ನಾಲ್ಕು ಸಲ ಹೇಳಿದ ಮೇಲೆ ಅವಳೂ ನಂಬಿದಳು. ಕೆಲವು ತರಗತಿಗಳು ಕಳೆದ ಮೇಲೆ ಶಾಲೆಯೂ ಬೇಡ, ಮೇಷ್ಟರೂ ಬೇಡ ಎಂದು ಮನೆಯಲ್ಲಿ ಕೂತಳು.

ಆದರೆ ಕೈಯನ್ನು ಹೊಲಿದು ಮುಚ್ಚಬಹುದು, ಕೈಯ ಬುದ್ಧಿಯನ್ನು ಮುಚ್ಚಲು ಆಗುವುದಿಲ್ಲ. ಬರವಣಿಗೆ ಒಂದು ಬಿಟ್ಟು ಎಲ್ಲವನ್ನೂ ಅವಳು ಎಡಗೈಯಲ್ಲೇ ಮಾಡಿದಳು. ಪೊರಕೆ, ಚಾಕು, ಸೂಜಿ, ಬಾಚಣಿಗೆ, ಎಲ್ಲ. ಮನೆಗೆ ಯಾರಾದರೂ ಬಂದರೆ ಮಾತ್ರ ಅಮ್ಮನ ಕಣ್ಣು ಅವಳ ಕಡೆ ತಿರುಗುತ್ತಿತ್ತು, ಅವಳು ಲೋಟವನ್ನು ಬಲಗೈಗೆ ಬದಲಾಯಿಸುತ್ತಿದ್ದಳು. ಈ ವಿಷಯವಾಗಿ ತಾಯಿ ಮಗಳು ಒಂದು ಮಾತನ್ನೂ ಆಡಿದವರಲ್ಲ. ಅಪ್ಪನ ತಾಯಿ ಹೋದಳು, ಅಪ್ಪ ಹೋದ, ಮಗಳ ಮದುವೆಯಾಯಿತು, ಅಮ್ಮ ಬಂದು ಮಗಳ ಎರಡು ಕೋಣೆಯ ಮನೆಯಲ್ಲಿ ಉಳಿದಳು. ಆ ಕಣ್ಣಿನ ಸನ್ನೆ ಮಾತ್ರ ಹಾಗೇ ಉಳಿಯಿತು.

ಗಂಡ ಲಾರಿ ಡ್ರೈವರ್. ತಿಂಗಳಲ್ಲಿ ಆಗೊಮ್ಮೆ ಈಗೊಮ್ಮೆ ಮನೆಗೆ ಬಂದು, ಉಂಡು, ಮಲಗಿ, ಎದ್ದು ಹೋಗುವ ನೆಂಟ. ಒಳ್ಳೆಯವನೇ. ಆದರೆ ಅವನ ಕಣ್ಣು ರಸ್ತೆಯ ಮೇಲಿದ್ದಷ್ಟು ಹೆಂಡತಿಯ ಮೇಲೆ ಇದ್ದದ್ದಿಲ್ಲ.

ಕಾರ್ಖಾನೆಗೆ ಹೊಸ ಸೂಪರ್‌ವೈಸರ್ ಬಂದದ್ದು ಈ ವರ್ಷ. ಇಸ್ತ್ರಿ ಕೆಡದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಡಬ್ಬ ಕೊಳ್ಳುವ ದೊಡ್ಡ ಕಂಪನಿಯವರು ಕಾರ್ಖಾನೆ ನೋಡಲು ಬರುತ್ತಾರೆ ಎಂದು ಗೊತ್ತಾದದ್ದೇ ತಡ, ಅವನ ಮೈಮೇಲೆ ಏನೋ ಬಂದಂತಾಯಿತು. ನೆಲಕ್ಕೆ ಹಳದಿ ಗೆರೆ ಎಳೆಸಿದ, ಗೋಡೆಗೆ ಸುಣ್ಣ ಹೊಡೆಸಿದ, ಕಾಣದ ಮೂಲೆಗೂ ಬಲ್ಬು ಹಾಕಿಸಿದ. ಕೊನೆಗೆ ಅವಳ ಮೆಷಿನ್ ಮುಂದೆ ಬಂದು ನಿಂತ.

“ಏನಮ್ಮಾ ಇದು? ಎಲ್ಲಾ ಮೆಷಿನ್ ಒಂದು ಥರ, ನಿನ್ನದೊಂದು ಥರ?”

“ನಂಗೆ ಹೀಗೇ ಬರೋದು ಸಾರ್. ಎಡಗೈಲೇ ಹಾಳೆ ಇಡೋದು. ಹಳೇ ಮೇಸ್ತ್ರಿ ಇದ್ದಾಗಿನಿಂದ ಹೀಗೇ ಇದೆ.”

“ಹಳೇ ಮೇಸ್ತ್ರಿ ಕಾಲ ಮುಗೀತು. ನೋಡೋಕೆ ಬಂದವರು ಏನಂದ್ಕೋತಾರೆ? ಎಲ್ಲಾ ಒಂದೇ ಸಾಲಲ್ಲಿ, ಒಂದೇ ಥರ ಕಾಣ್ಬೇಕು.”

“ನಂಗೆ ಆ ಕಡೆಯಿಂದ ಆಗಲ್ಲ ಸಾರ್.”

“ಆಗಲ್ಲ ಅನ್ನೋರಿಗೆ ಮನೆ ಇದೆಯಲ್ಲ, ಮನೇಲಿರಿ.”

ಮರುದಿನ ಬಂದು ನೋಡಿದರೆ ಅವಳ ಎರಡೂ ಮೇಜುಗಳು ಬೇರೆಯವರ ಮೇಜುಗಳಂತೆ ನಿಂತಿದ್ದವು. ಬರೀ ನಿಂತಿರಲಿಲ್ಲ, ಕಾಲುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದರು. ಮೇಜುಗಳಿದ್ದ ಹಳೆಯ ಗುರುತಿನ ಮೇಲೆ ಹಳದಿ ಬಣ್ಣ ಹಚ್ಚಿದ್ದರು. ಅವಳು ಬೋಲ್ಟುಗಳನ್ನು ನೋಡುತ್ತಾ ನಿಂತಳು. ಒಂದನ್ನು ಕಾಲಿನಿಂದ ಒದ್ದಳು. ಪಕ್ಕದಲ್ಲಿ ಡಬ್ಬಗಳಿಗೆ ಗೋಂದು ಹಚ್ಚುವ ಗೆಳತಿ ಪಿಸುಗುಟ್ಟಿದಳು. “ಸುಮ್ನಿರೇ. ಅವರು ಬಂದು ಹೋಗ್ಲಿ, ಆಮೇಲೆ ಬಿಚ್ಚಿಸ್ಕೊಳ್ಳೋಣ.” ಸುಮ್ಮನಿದ್ದಳು. ಅವಳು ಬದುಕಿಡೀ ಮಾಡಿದ ತಪ್ಪು ಏನಾದರೂ ಇದ್ದರೆ ಅದೊಂದೇ, ಸುಮ್ಮನಿದ್ದದ್ದು.

ಬಲಗೈ ಇಟ್ಟ ಹಾಳೆ ವಾರೆಯಾಗಿ ಕೂರುತ್ತಿತ್ತು. ವಾರೆ ಕೂತರೆ ರದ್ದಿ, ರದ್ದಿ ಹೆಚ್ಚಿದರೆ ಬೈಗುಳ. ಬಂದವರು ಬಂದು, ತಲೆಯಾಡಿಸಿ, ಹೋದರು. ಬೋಲ್ಟು ಹೋಗಲಿಲ್ಲ. ಒಂದು ಮಧ್ಯಾಹ್ನ, ಊಟದ ಬಿಡುವು ಮುಗಿದು ಸ್ವಲ್ಪ ಹೊತ್ತಾಗಿತ್ತು. ಬಲಗೈ ಒಂದು ಹಾಳೆ ಇಟ್ಟಿತು, ಅದು ಗೂಟಕ್ಕೆ ತಾಗದೆ ವಾರೆಯಾಯಿತು. ಅವಳು ಯೋಚಿಸಲಿಲ್ಲ. ಯೋಚಿಸಲು ವೇಳೆ ಇರಲಿಲ್ಲ. ವಾರೆಯಾದದ್ದನ್ನು ಸರಿಮಾಡುವ ಕೈ ತಾನಾಗಿ ಹೋಯಿತು. ಅದು ಎಡಗೈ. ಬಾಯಿ ಮುಚ್ಚಿತು.

ಹೆಬ್ಬೆರಳೊಂದು ಉಳಿಯಿತು. ಉಳಿದ ಬೆರಳುಗಳನ್ನು ಆಸ್ಪತ್ರೆಯವರು ಬುಡದವರೆಗೆ ತೆಗೆದರು.

ಗಂಡ ಲಾರಿಯನ್ನು ಎಲ್ಲೋ ಬಿಟ್ಟು ಓಡಿ ಬಂದ. ಮಂಚದ ಪಕ್ಕ ಕೂತು ಅವಳ ಬಲಗೈ ಹಿಡಿದುಕೊಂಡು ಅತ್ತ. ಆಮೇಲೆ ಸಮಾಧಾನ ಹೇಳಿದ.

“ದೇವರು ದೊಡ್ಡವನು ಕಣೆ. ಬಲಗೈ ಉಳೀತಲ್ಲ.”

ಅವಳಿಗೆ ಮೈಯೆಲ್ಲ ಉರಿಯಿತು. “ನಾನು ಎಡಚಿ ಅಲ್ವೇನ್ರೀ.”

“ಹೌದಾ?” ಎಂದ ಅವನು, ನಿಜವಾಗಿಯೂ ಆಶ್ಚರ್ಯದಿಂದ. ಇಷ್ಟು ವರ್ಷ ಅವಳು ಬಡಿಸಿದ್ದನ್ನು ಉಂಡ ಮನುಷ್ಯ.

ಕಾರ್ಖಾನೆಯವರು ಇನ್ನೂ ಚೆನ್ನಾಗಿ ಮಾತಾಡಿದರು. ಅವಳ ಅಜಾಗರೂಕತೆಯಿಂದ ಹೀಗಾಯಿತು, ಹಾಳೆ ಇಟ್ಟಾದ ಮೇಲೆ ಸುಮ್ಮಸುಮ್ಮನೆ ಕೈ ತೂರಿಸಿದಳು, ಇಂಥವರಿಂದ ಬೇರೆಯವರಿಗೂ ಅಪಾಯ, ಆದ್ದರಿಂದ ಕೆಲಸದಿಂದ ತೆಗೆಯುತ್ತೇವೆ ಎಂದು ಸೂಪರ್‌ವೈಸರ್ ವರದಿ ಬರೆದ. ಬೆರಳು ತೆಗೆದದ್ದು ಅವರ ಮೆಷಿನ್, ಈಗ ಅನ್ನವನ್ನೂ ಅವರೇ ತೆಗೆಯುತ್ತಾರಂತೆ. ಅವಳು ಹಾಸಿಗೆಯಿಂದ ಎದ್ದವಳೇ ಕಾರ್ಮಿಕ ಕಚೇರಿಗೆ ಹೋಗಿ ದೂರು ಕೊಟ್ಟಳು. ಸುಮ್ಮನಿರುವುದು ಅಲ್ಲಿಗೆ ಮುಗಿಯಿತು.

ವಿಚಾರಣೆಗೆ ಬಂದ ಇನ್ಸ್‌ಪೆಕ್ಟರ್ ನಡುವಯಸ್ಸಿನ ಮನುಷ್ಯ. ಹೆಚ್ಚು ಮಾತಿಲ್ಲ, ಕೇಳಿದ್ದನ್ನೇ ಎರಡು ಸಲ ಕೇಳುವ ಅಭ್ಯಾಸ. ಸೂಪರ್‌ವೈಸರನ ಕೋಣೆಯಲ್ಲೇ ಕೂತು ಎಲ್ಲರನ್ನೂ ಕರೆಸಿದ. ಮೆಷಿನ್ ಓಡಿಸಿ ತೋರಿಸಿ ಎಂದ, ನೋಡಿದ. ಆಮೇಲೆ ಅವಳನ್ನು ಕೂರಿಸಿ ಹೇಳಿದ.

“ನೋಡೀಮ್ಮಾ, ನಂಗೆ ಇರೋದು ಒಂದೇ ಪ್ರಶ್ನೆ. ಮೇಜು ಇರೋ ಪ್ರಕಾರ ಹಾಳೆ ಇಡೋದು ಬಲಗೈ. ವಾರೆ ಆದ್ರೆ ಸರಿ ಮಾಡೋಕೆ ಹೋಗಬೇಕಾದ್ದೂ ಬಲಗೈ. ನಿಮ್ಮ ಎಡಗೈ ಯಾಕೆ ಒಳಗೆ ಹೋಯ್ತು? ನೀವು ಎಡಚರಾಗಿದ್ರೆ ಅದಕ್ಕೆ ಅರ್ಥ ಇದೆ. ಆಗ ಮೇಜು ಬದಲಾಯಿಸಿದೋರದ್ದು ತಪ್ಪು, ಅವರು ನಿಮಗೆ ಬೇರೆ ಕೆಲಸ ಕೊಡಲೇಬೇಕು. ಎಡಚರಲ್ಲ ಅಂದ್ರೆ ತಪ್ಪು ನಿಮ್ಮದು, ನಾನೇನೂ ಮಾಡೋಕೆ ಆಗಲ್ಲ.”

“ನಾನು ಎಡಚಿನೇ ಸಾರ್” ಎಂದಳು ಅವಳು. “ಇಲ್ಲಿ ಎಲ್ಲರಿಗೂ ಗೊತ್ತು. ನನ್ನ ರಿವರ್ಸಕ್ಕ ಅಂತಾರೆ.”

ಸೂಪರ್‌ವೈಸರ್ ನಕ್ಕ. “ಹೇಳಿದ್ದಕ್ಕೆಲ್ಲ ಉಲ್ಟಾ ಮಾತಾಡ್ತಾಳೆ ಸಾರ್, ಅದಕ್ಕೆ ಆ ಹೆಸರು. ಮೇಜು ಮೊದಲಿಂದಲೂ ಹೀಗೇ ಇದ್ದದ್ದು. ಬೇಕಾದ್ರೆ ಸಹಿ ನೋಡಿ.” ಅವಳು ಕೆಲಸಕ್ಕೆ ಸೇರಿದಾಗ ಹಾಕಿದ ಸಹಿ, ಇಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಎದುರು ಹಾಕಿದ ಸಹಿ, ಎರಡನ್ನೂ ಪಕ್ಕಪಕ್ಕ ಹಿಡಿದ. ಒಂದೇ ಕೈಯ ಬರಹ. ಬಲಗೈಯದು.

“ಬರೆಯೋದು ಮಾತ್ರ ಬಲಗೈ ಸಾರ್. ಬಾಕಿ ಎಲ್ಲ ಎಡಗೈ.”

“ಯಾರಾದ್ರೂ ನೋಡಿದೋರು ಇದಾರಾ?” ಎಂದ ಇನ್ಸ್‌ಪೆಕ್ಟರ್.

ಗೋಂದಿನ ಗೆಳತಿಯನ್ನು ಕರೆದರು. ಅವಳು ಬಂದು, ಸೂಪರ್‌ವೈಸರನ ಮುಖ ನೋಡಿ, ನೆಲ ನೋಡಿ, ತನ್ನ ಉಗುರಿಗೆ ಅಂಟಿದ ಗೋಂದನ್ನು ಕೆರೆಯುತ್ತಾ ಹೇಳಿದಳು. “ನನ್ನ ಪಾಡಿಗೆ ನಾನು ಕೆಲಸ ಮಾಡ್ತಿರ್ತೀನಿ ಸಾರ್. ಯಾರ ಕೈ ಹೇಗಿದೆ ಅಂತ ನಾನು ನೋಡಿಲ್ಲ.” ಹೊರಗೆ ಹೋಗುವಾಗ ರಿವರ್ಸಕ್ಕನ ಕಡೆ ತಿರುಗಲಿಲ್ಲ. ಹನ್ನೆರಡು ವರ್ಷ ಒಂದೇ ಬುತ್ತಿ ಬಿಚ್ಚಿ ತಿಂದವಳು. ಅವಳಿಗೂ ಮಕ್ಕಳಿವೆ, ಮನೆ ಬಾಡಿಗೆ ಇದೆ, ಹೆದರಿಕೆ ಯಾರನ್ನು ಬಿಟ್ಟಿದೆ ಎಂದು ದೊಡ್ಡ ಮನಸ್ಸು ಮಾಡಬಹುದಿತ್ತು. ರಿವರ್ಸಕ್ಕನಿಗೆ ಆಗ ಅಷ್ಟು ದೊಡ್ಡ ಮನಸ್ಸು ಇರಲಿಲ್ಲ. ಅವಳ ಜುಟ್ಟು ಹಿಡಿದು ಕೇಳಬೇಕು ಅನ್ನಿಸಿತು.

“ಮನೆಯವರು ಯಾರಾದ್ರೂ?” ಎಂದ ಇನ್ಸ್‌ಪೆಕ್ಟರ್.

ಅವಳಿಗೆ ಜೀವ ಬಂದಂತಾಯಿತು. ಅಮ್ಮ ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂತಿದ್ದಳು. ಸೀರೆಗೆ ಪಿನ್ನು ಹಾಕಿಕೊಳ್ಳಲು, ಚೀಲ ಹಿಡಿದುಕೊಳ್ಳಲು ಮಗಳಿಗೆ ಆಗದು ಎಂದು ಜೊತೆಗೆ ಬಂದವಳು. ಯಾರು ಮರೆತರೂ ಹೆತ್ತವಳು ಮರೆಯುವುದುಂಟೇ. ಕಾವಲುಗಾರ ಅಮ್ಮನನ್ನು ಒಳಗೆ ಕರೆತಂದ. ಅಮ್ಮ ಸೆರಗನ್ನು ಸರಿಮಾಡಿಕೊಂಡು, ಕುರ್ಚಿಯ ತುದಿಯಲ್ಲಿ ಕೂತಳು. ಅಷ್ಟು ಜನ ಗಂಡಸರನ್ನು ಒಂದೇ ಕೋಣೆಯಲ್ಲಿ ನೋಡಿ ಅವಳ ಮುಖ ಬಿಗಿಯಿತು.

“ಅಮ್ಮಾ, ನಿಮ್ಮ ಮಗಳು ಎಡಚರಾ?” ಎಂದು ಕೇಳಿದ ಇನ್ಸ್‌ಪೆಕ್ಟರ್.

ಅಮ್ಮ ಒಮ್ಮೆ ಮಗಳ ಕಡೆ ನೋಡಿದಳು. ಮನೆಗೆ ಯಾರಾದರೂ ಬಂದಾಗ ನೋಡುತ್ತಿದ್ದಳಲ್ಲ, ಅದೇ ನೋಟ.

“ಇಲ್ಲ ಸಾರ್” ಎಂದಳು. “ನನ್ನ ಮಗಳು ಸರಿಯಾಗೇ ಇದಾಳೆ.”

ರಿವರ್ಸಕ್ಕ ಅಮ್ಮನ ಕಡೆ ಬಾಗಿದಳು. “ಅಮ್ಮಾ” ಎಂದಳು.

“ನೀವು ಸುಮ್ನಿರಿ” ಎಂದ ಇನ್ಸ್‌ಪೆಕ್ಟರ್. ಮತ್ತೆ ಅಮ್ಮನನ್ನು ಕೇಳಿದ. “ಸರಿಯಾಗಿ ಯೋಚನೆ ಮಾಡಿ ಹೇಳಿ. ಎಡಚರಾ, ಅಲ್ವಾ?”

“ಅಲ್ಲ ಸಾರ್. ಯಾರು ಹೇಳಿದ್ದು ಹಾಗಂತ? ನಮ್ಮ ಮನೇಲಿ ಅಂಥವರು ಯಾರೂ ಇಲ್ಲ.”

ಅಮ್ಮನ ಲೆಕ್ಕ ಸರಳವಾಗಿತ್ತು. ಇಷ್ಟು ಜನ ಕೂತು ಕೇಳುತ್ತಿದ್ದಾರೆ ಎಂದರೆ ಮಗಳ ಮೇಲೆ ಯಾರೋ ಚಾಡಿ ಹೇಳಿದ್ದಾರೆ. ಎಡಚಿ ಎಂದು ಒಪ್ಪಿಕೊಂಡರೆ, ಹಾಗಿದ್ದರೆ ಇಂಥವಳನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ತಪ್ಪು ಅಂತಾರೆ, ಹೊರಗೆ ಹಾಕುತ್ತಾರೆ. ಮಗಳ ಕೆಲಸ ಉಳಿಸಲು ಅವಳು ಸುಳ್ಳು ಹೇಳಿದಳು. ಅದು ಸುಳ್ಳು ಎಂದು ಅವಳಿಗೆ ಅನ್ನಿಸಲೂ ಇಲ್ಲ, ಹೇಳಿ ಹೇಳಿ ಅಷ್ಟು ಅಭ್ಯಾಸವಾಗಿತ್ತು. ಎದುರಿಗೆ ಕೂತ ಮಗಳ ಕೆಲಸ ಮಾತ್ರ ಕಣ್ಣ ಮುಂದೆಯೇ ನೀರುಪಾಲಾಗುತ್ತಿತ್ತು.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದ. ರಿವರ್ಸಕ್ಕ ಎದ್ದು ನಿಂತಳು. ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಕೂಗಬೇಕು ಎಂಬುದಷ್ಟೇ ಗೊತ್ತಿತ್ತು. ಅಷ್ಟರಲ್ಲಿ ಗೆದ್ದ ಖುಷಿಯಲ್ಲಿ ಸೂಪರ್‌ವೈಸರ್ ಬಾಯಿ ಬಿಟ್ಟ. ಬಿಡದಿದ್ದರೆ ಅವನು ಗೆದ್ದೇ ಇರುತ್ತಿದ್ದ.

“ಹೆತ್ತ ತಾಯೇ ಹೇಳಿದ ಮೇಲೆ ಇನ್ನೇನಿದೆ ಸಾರ್? ಹುಟ್ಟಿನಿಂದಲೇ ಬಲಗೈ.”

ಅಮ್ಮ ಅವನ ಕಡೆ ತಿರುಗಿದಳು. ಅವಳ ಮುಖದ ಮೇಲೆ, ತಾನು ಹೊಲಿದ ಬಟ್ಟೆಯನ್ನು ಬೇರೆ ದರ್ಜಿಯದು ಎಂದರೆ ಬರುತ್ತಿದ್ದ ಸಿಟ್ಟು ಬಂತು.

“ಹುಟ್ಟಿನಿಂದ ಅಂತ ಯಾರು ಹೇಳಿದ್ದು? ಅಷ್ಟು ಸುಲಭಾನಾ? ನಾನು ತಿದ್ದಿದ್ದು.”

ಇನ್ಸ್‌ಪೆಕ್ಟರ್ ಮುಚ್ಚಳ ತೆಗೆದ. “ಹೇಗೆ ತಿದ್ದಿದ್ರಿ ಅಮ್ಮಾ?”

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅಮ್ಮನಿಗೆ ಯಾರೂ ಕೇಳಿರಲಿಲ್ಲ. ತನ್ನ ಬದುಕಿನ ದೊಡ್ಡ ಕೆಲಸ ಎಂದು ಅವಳು ತಿಳಿದುಕೊಂಡದ್ದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಹೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಈಗ ಸರ್ಕಾರಿ ಮನುಷ್ಯನೊಬ್ಬ ಪೆನ್ನು ಹಿಡಿದು ಕೇಳುತ್ತಿದ್ದಾನೆ. ಅಮ್ಮ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಆರಾಮಾಗಿ ಕೂತಳು.

“ತೋಳು ಹೊಲಿದೆ ಸಾರ್. ಎಡತೋಳು. ತುದಿ ಮುಚ್ಚಿ ಎರಡು ಸಾಲು ಹೊಲಿಗೆ. ಒಂದು ಸಾಲು ಹಾಕಿದ್ರೆ ಹಲ್ಲಲ್ಲಿ ಕಚ್ಚಿ ಬಿಚ್ಕೊಂಡುಬಿಡೋಳು. ಭಾರಿ ಹಟ. ಶಾಲೆಗೆ ಸೇರೋ ತನಕ ಹಾಗೇ ಇಟ್ಟಿದ್ದೆ. ಒಂದು ಏಟು ಹೊಡೆದಿಲ್ಲ, ಬೇಕಾದ್ರೆ ಕೇಳಿ.”

“ಅದಾದ ಮೇಲೆ ಎಲ್ಲಾ ಬಲಗೈಲೇ ಮಾಡ್ತಾರಾ?”

“ಹೊರಗಡೆ ಎಲ್ಲಾ ಬಲಗೈನೇ. ಮನೆ ಒಳಗೆ ಅಡುಗೆ, ಕಸ, ಅದಕ್ಕೆಲ್ಲ ಎಡಗೈ ಬಳಸ್ತಾಳೆ. ಮನೆ ಒಳಗೆ ಯಾರು ನೋಡ್ತಾರೆ, ಅಂತ ನಾನೂ ಬಿಟ್ಟೆ.”

ಇನ್ಸ್‌ಪೆಕ್ಟರ್ ಬರೆಯುತ್ತಿದ್ದ. ಸೂಪರ್‌ವೈಸರ್ “ಸಾರ್, ಅದು” ಎಂದ. ಇನ್ಸ್‌ಪೆಕ್ಟರ್ ತಲೆಯೆತ್ತದೆ ಅಂಗೈ ತೋರಿಸಿದ. ಅಮ್ಮನಿಗೆ ಹುರುಪು ಬಂದಿತ್ತು.

“ಮೊದಲನೇ ದಿನ ಏನಾಯ್ತು ಗೊತ್ತಾ ಸಾರ್? ಅಂಗಿ ಹಾಕಿ ಬಿಟ್ಟೆ. ತೋಳೊಳಗೆ ಕೈ ಕಾಣಿಸ್ಲಿಲ್ಲ ಅವಳಿಗೆ. ಪಾಪ, ಚಿಕ್ಕದು. ಮಂಚದ ಕೆಳಗೆ ಹುಡುಕಿದ್ಲು, ಚಿಂದಿ ಬುಟ್ಟಿಯಲ್ಲಿ ಹುಡುಕಿದ್ಲು. ಆಮೇಲೆ ನನ್ನ ಹತ್ರ ಬಂದು, ಅಮ್ಮ ನನ್ನ ಕೈ ಎಲ್ಲೋ ಹೋಯ್ತು, ತಂದ್ಕೊಡು, ಅಂತ ಅತ್ಲು ಸಾರ್.”

ಹೇಳಿ ಅಮ್ಮ ನಕ್ಕಳು. ಮಕ್ಕಳ ಪೆದ್ದುತನ ನೆನೆದು ತಾಯಂದಿರು ನಗುತ್ತಾರಲ್ಲ, ಅದೇ ನಗು. ಕೋಣೆಯಲ್ಲಿ ಬೇರೆ ಯಾರೂ ನಗಲಿಲ್ಲ. ಸೂಪರ್‌ವೈಸರ್ ಕೂಡ ತನ್ನ ಮೇಜಿನ ಮೇಲಿದ್ದ ಏನನ್ನೋ ಸರಿಸಿದ. ರಿವರ್ಸಕ್ಕನಿಗೆ ಆ ದಿನದ ನೆನಪಿರಲಿಲ್ಲ. ಅವಳು ಮತ್ತೆ ಕುರ್ಚಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟು ನೋಡಿದಳು.

ಇನ್ಸ್‌ಪೆಕ್ಟರ್ ಬರೆದದ್ದನ್ನು ಓದಿ ಹೇಳಿದ. ಕೆಲಸಗಾರ್ತಿ ಎಡಚಿ ಎಂಬುದು ತಾಯಿಯ ಹೇಳಿಕೆಯಿಂದ ಸ್ಪಷ್ಟ. ಅವಳಿಗೆ ಒಗ್ಗದ ಕಡೆಯಿಂದ ಕೆಲಸ ಮಾಡಿಸಿದ್ದರಿಂದ ಅಪಘಾತವಾಗಿದೆ. ಕಾರ್ಖಾನೆ ಅವಳನ್ನು ತೆಗೆಯುವಂತಿಲ್ಲ, ಉಗ್ರಾಣದಲ್ಲೋ ಗೇಟಿನಲ್ಲೋ ಆಗುವಂಥ ಕೆಲಸ ಕೊಡಬೇಕು. ಓದುವಾಗ ಅವನ ಮಾತು ಕಚೇರಿಯ ಮಾತು. ಅಮ್ಮನಿಗೆ ಕೆಲಸ ಉಳಿಯಿತು ಎಂಬುದಷ್ಟೇ ತಿಳಿಯಿತು. ಎದ್ದು ಕೈ ಮುಗಿದಳು.

ಗೇಟು ದಾಟಿ ಇಬ್ಬರೂ ಬೀದಿಗೆ ಬಂದರು. ಸೈಕಲ್ ರಿಪೇರಿ ಅಂಗಡಿ, ಹಣ್ಣಿನ ಗಾಡಿ, ಬಸ್ಸಿಗೆ ಕಾಯುವ ಜನ. ಗೆದ್ದಿದ್ದಳು, ಆದರೂ ಅವಳ ಹಲ್ಲು ಕಚ್ಚಿದ್ದು ಕಚ್ಚಿದಂತೇ ಇತ್ತು. ಅಮ್ಮ ಪಕ್ಕದಲ್ಲಿ ಚೀಲ ಹಿಡಿದು ಹಗುರಾಗಿ ನಡೆಯುತ್ತಿದ್ದಳು.

“ನೋಡಿದ್ಯಾ?” ಎಂದಳು ಅಮ್ಮ. “ಅಷ್ಟು ಜನರೆದುರು ನಿನ್ನ ಮರ್ಯಾದೆ ಉಳಿಸ್ದೆ. ಎಡಚಿ ಅಂತ ಬರೆಸ್ಕೊಳ್ಳೋಕೆ ಬಿಡ್ಲಿಲ್ಲ.”

ಅವಳು ನಿಂತಳು. “ಅವರು ಬರೆದಿದ್ದೇ ಅದು ಅಮ್ಮ. ಎಡಚಿ ಅಂತಲೇ ಬರೆದ್ರು. ಅದಕ್ಕೇ ಕೆಲಸ ಉಳೀತು.”

ಅಮ್ಮನ ಮುಖ ಇಳಿಯಿತು. “ಬರೆದೇ ಬಿಟ್ರಾ?”

“ಹೂಂ.”

ಅಮ್ಮ ಹಿಂತಿರುಗಿ ಕಾರ್ಖಾನೆಯ ಗೇಟಿನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. “ಬಾ, ಹೋಗಿ ಅಳಿಸಿ ಅಂತ ಕೇಳೋಣ. ಒಳ್ಳೆಯವರ ಹಾಗೆ ಕಾಣ್ತಾರೆ. ಈಗ ಹೇಗೂ ಆ ಕೈ ಇಲ್ವಲ್ಲ, ಇನ್ನು ಯಾಕೆ ಎಡಚಿ ಅಂತ ಇರಬೇಕು?”

ಅಮ್ಮನ ದನಿಯಲ್ಲಿ ಕೆಟ್ಟತನ ಎಳ್ಳಷ್ಟೂ ಇರಲಿಲ್ಲ. ಅದನ್ನೇ ಮಗಳಿಗೆ ತಡೆದುಕೊಳ್ಳಲು ಆಗಲಿಲ್ಲ. ನಲವತ್ತು ವರ್ಷದ ಕೋಪ, ಯಾರ ಮೇಲೂ ಎತ್ತದ ಕೈ, ಹೆತ್ತ ತಾಯಿಯ ಮೇಲೆ ಎದ್ದಿತು. ನಡುಬೀದಿಯಲ್ಲಿ, ಬಸ್ಸಿಗೆ ನಿಂತವರೆಲ್ಲ ನೋಡುತ್ತಿರುವಾಗ.

ಎದ್ದದ್ದು ಎಡಗೈ.

ತಾಯಿ ಮಗಳ ಮುಖಗಳ ನಡುವೆ ಬಿಳಿ ಪಟ್ಟಿಯ ಆ ಗಡ್ಡೆ ನಿಂತಿತು. ಅಮ್ಮ ಹಿಂದೆ ಸರಿಯಲಿಲ್ಲ. ಕೆಳಗಿಳಿಸು, ಜನ ನೋಡ್ತಾರೆ, ಎಂದು ಹೇಳಲೂ ಇಲ್ಲ. ಆ ಕೈಯನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಚೀಲ ಅವಳ ಕೈಯಿಂದ ನೆಲಕ್ಕೆ ಜಾರಿತು.

“ಹೊಡಿ” ಎಂದಳು.

ಅವಳಿಗೆ ಹೊಡೆಯಬೇಕೆಂದೇ ಇತ್ತು. ಹೊಡೆಯಲು ಬೆರಳುಗಳಿರಲಿಲ್ಲ.